ಮಗುವಿನ ಕೈಗೆ ಗೇಮ್ ಕನ್ಸೋಲ್: ಕಡಿಮೆ ಕೆಲಸ ಬಲ್ಲದ್ದನ್ನೇ ಹುಡುಕಿ

ಅಕ್ಕ ಫೋನ್ ಮಾಡಿ ಡಬ್ಬದ ಮೇಲೆ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿದಳು. ಎಷ್ಟು ಕೋರ್, ಎಷ್ಟು ಜಿಬಿ, ಎಷ್ಟು ಹರ್ಟ್ಸ್. ಓದಿ ಮುಗಿಸಿ, "ಇದನ್ನೇ ತಗೊಳ್ಳಲೇನೋ?" ಅಂದಳು. "ನಿನ್ನ ಮಗನ ಹೆಬ್ಬೆರಳು ಎಷ್ಟು ಉದ್ದ ಇದೆ?" ಅಂತ ಕೇಳಿದೆ. ತಮಾಷೆ ಮಾಡಬೇಡ ಅಂತ ಬೈದಳು.

ತಮಾಷೆಗೆ ಕೇಳಿದ್ದಲ್ಲ. ಅದರ ಹಿಂದಿನ ವಾರವಷ್ಟೇ ಅವಳ ಮಗ, ಎಂಟು ವರ್ಷದವನು, ನನ್ನ ಗೆಳೆಯನ ಸ್ಟೀಮ್ ಡೆಕ್ ಅನ್ನುವ ಗೇಮ್ ಯಂತ್ರವನ್ನು ಕೈಯಲ್ಲಿ ಹಿಡಿದು ಆಡುತ್ತಿದ್ದುದನ್ನು ನೋಡಿದ್ದೆ. ಮೊದಲ ಐದು ನಿಮಿಷ ಎದೆಯ ಎತ್ತರಕ್ಕೆ ಹಿಡಿದುಕೊಂಡಿದ್ದ. ಆಮೇಲೆ ಮೊಣಕೈಗಳನ್ನು ಹೊಟ್ಟೆಗೆ ಒತ್ತಿಕೊಂಡ. ಹತ್ತನೆಯ ನಿಮಿಷಕ್ಕೆ ಯಂತ್ರ ತೊಡೆಯ ಮೇಲೆ ಇಳಿದಿತ್ತು, ಗದ್ದ ಎದೆಗೆ ತಾಗುವಷ್ಟು ಕತ್ತು ಬಗ್ಗಿತ್ತು. ಬಲಗಡೆಯ ಬಟನ್‌ಗಳಿಗೆ ಹೆಬ್ಬೆರಳು ಎಟುಕದೆ ಪ್ರತಿ ಸಲ ಇಡೀ ಅಂಗೈಯನ್ನೇ ಜರುಗಿಸುತ್ತಿದ್ದ. ಸ್ಟೀಮ್ ಡೆಕ್‌ನ ಮೊದಲ ಮಾದರಿಯ ತೂಕ 669 ಗ್ರಾಂ, ಆಮೇಲೆ ಬಂದ ಓಎಲ್ಇಡಿ ಮಾದರಿ 640 ಗ್ರಾಂ. ನಿಂಟೆಂಡೋ ಸ್ವಿಚ್ ಲೈಟ್ ಸುಮಾರು 275 ಗ್ರಾಂ. ಈ ಅಂತರ ದೊಡ್ಡವರ ಕೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಎಂಟು ವರ್ಷದ ಮಣಿಕಟ್ಟಿಗೆ ಗೊತ್ತಾಗುತ್ತದೆ.

ತೂಕ ಒಂದು ನೆಪ. ನಾನು ಹೇಳಹೊರಟದ್ದು ಅದಕ್ಕಿಂತ ಸ್ವಲ್ಪ ದೊಡ್ಡದು. ನಾವು ಫೋನನ್ನೋ ಲ್ಯಾಪ್‌ಟಾಪನ್ನೋ ಕೊಳ್ಳುವಾಗ ಯಾವುದಕ್ಕೆ ಹೆಚ್ಚು ಕೆಲಸ ಬರುತ್ತದೋ ಅದನ್ನು ಆರಿಸುತ್ತೇವೆ. ಮಕ್ಕಳ ಕನ್ಸೋಲ್‌ಗೂ ಅದೇ ಅಳತೆಗೋಲು ಹಿಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಕೇಳಬೇಕಾದದ್ದು ಈ ಯಂತ್ರಕ್ಕೆ ಏನೇನು ಬರುವುದಿಲ್ಲ ಅಂತ.

ಈ ಮಾತಿಗೆ ಹಳೆಯ ಸಾಕ್ಷಿಯೊಂದಿದೆ. 1989ರಲ್ಲಿ ನಿಂಟೆಂಡೋ ಗೇಮ್ ಬಾಯ್ ತಂದಾಗ ಅದರ ಸ್ಕ್ರೀನಿಗೆ ಬಣ್ಣವೇ ಇರಲಿಲ್ಲ. ಪಾಚಿ ಹಸಿರಿನ ಹಿನ್ನೆಲೆ, ಅದರಲ್ಲಿ ನಾಲ್ಕು ಛಾಯೆ, ಹಿಂದಿನಿಂದ ಬೆಳಕೂ ಇಲ್ಲ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ, ಮರುವರ್ಷ ಬಂದ ಸೆಗಾ ಗೇಮ್ ಗೇರ್‌ಗೆ ಬಣ್ಣದ ಸ್ಕ್ರೀನಿತ್ತು, ಬೆಳಕಿತ್ತು. ಪಕ್ಕಪಕ್ಕದಲ್ಲಿಟ್ಟು ನೋಡಿದವರು ಗೇಮ್ ಬಾಯ್ ಕಡೆ ತಿರುಗಿಯೂ ನೋಡಬಾರದು. ಆದರೆ ಗೇಮ್ ಗೇರ್ ಆರು ಪೆನ್ಸಿಲ್ ಸೆಲ್ ನುಂಗಿ ಮೂರರಿಂದ ಐದು ಗಂಟೆಯೊಳಗೆ ಮಲಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆ ದಾಟಿಯೂ ಓಡುತ್ತಿತ್ತು. ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿ ನಂಬಿದ್ದು ಹಳಸಿ, ಅಗ್ಗವಾಗಿ, ಗುಣದೋಷಗಳೆಲ್ಲ ಗೊತ್ತಾಗಿರುವ ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚುವುದನ್ನು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ ಸುಮಾರು 11.8 ಕೋಟಿ ಮಾರಾಟವಾದವು. ಉಳಿದೆರಡರ ಹೆಸರು ಈಗ ಹಳೆಯ ಯಂತ್ರ ಕೂಡಿಡುವವರ ಬಾಯಲ್ಲಿ ಮಾತ್ರ ಉಳಿದಿದೆ.

ಈಗ ಅಕ್ಕನ ಎರಡನೆಯ ಪ್ರಶ್ನೆ. "ಮನೇಲಿ ಫೋನ್ ಇದೆಯಲ್ಲ, ಅದರಲ್ಲೇ ಆಡಿದರೆ ಏನಾಯ್ತು?"

ಫೋನಿನಲ್ಲಿ ಒಳ್ಳೆಯ ಗೇಮ್‌ಗಳು ಇಲ್ಲವೆಂದಲ್ಲ. ತೊಂದರೆ ಇರುವುದು ಅವು ಹೊಟ್ಟೆ ಹೊರೆಯುವ ರೀತಿಯಲ್ಲಿ. ಕಾರ್ಟ್ರಿಡ್ಜ್‌ನಲ್ಲಿ, ಅಂದರೆ ಯಂತ್ರದೊಳಗೆ ತೂರಿಸುವ ಪುಟ್ಟ ಬಿಲ್ಲೆಯಲ್ಲಿ, ಬರುವ ಗೇಮ್‌ಗೆ ಮೊದಲೇ ದುಡ್ಡು ಕೊಟ್ಟಾಗಿರುತ್ತದೆ. ಮಗು ಅರ್ಧ ಗಂಟೆ ಆಡಿದರೂ ಮೂರು ಗಂಟೆ ಆಡಿದರೂ ಮಾಡಿದವನಿಗೆ ಅಷ್ಟೇ. ಬಿಟ್ಟಿಯಾಗಿ ಸಿಗುವ ಫೋನ್ ಗೇಮ್‌ಗೆ ದುಡ್ಡು ಹುಟ್ಟುವುದು ಆಡಲು ಶುರು ಮಾಡಿದ ಮೇಲೆ. ಜಾಹೀರಾತು ನೋಡಿಸಬೇಕು, ಗೇಮ್‌ನೊಳಗಿನ ರತ್ನ ಮಾರಬೇಕು, ನಾಳೆ ಮತ್ತೆ ಬರುವಂತೆ ಮಾಡಬೇಕು. ಹಾಗಾಗಿ ಆ ಗೇಮ್ ಮುಗಿಯುವಂತೆ ಕಟ್ಟಿರುವುದೇ ಇಲ್ಲ. "ಇವತ್ತು ಬರದಿದ್ದರೆ ಬಹುಮಾನ ಹೋಗುತ್ತೆ" ಅಂತ ಮಧ್ಯಾಹ್ನ ಮೂರಕ್ಕೆ ಫೋನ್ ಗುಂಯ್ ಅನ್ನುತ್ತದೆ. ಜೊತೆಗೆ ಅದೇ ಸ್ಕ್ರೀನಿನಲ್ಲಿ ವಿಡಿಯೋ, ಬ್ರೌಸರ್, ಅಮ್ಮನ ಆಫೀಸ್ ಮೆಸೇಜು ಎಲ್ಲವೂ ಒಂದು ಬೆರಳಿನ ದೂರದಲ್ಲಿರುತ್ತವೆ.

ಇದು ಫೋನಿನದೊಂದೇ ಕಾಯಿಲೆ ಅನ್ನಲೂ ಬರುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಗೇಮ್‌ನ ಕಂಪನಿ ಎಪಿಕ್ ಗೇಮ್ಸ್, ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ 52 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿ ಮಾಹಿತಿಯ ಕಾನೂನಿಗೆ ಸಂಬಂಧಿಸಿದ್ದು. ಉಳಿದ 24.5 ಕೋಟಿ, ಒಂದು ಬಟನ್ ತಪ್ಪಿ ಒತ್ತಿದರೂ ಖರೀದಿ ಆಗಿಬಿಡುವಂಥ ವಿನ್ಯಾಸಕ್ಕೆ ಸಿಕ್ಕಿ ದುಡ್ಡು ಕಳೆದುಕೊಂಡವರಿಗೆ ಮರಳಿಸಲು. ಫೋರ್ಟ್‌ನೈಟ್ ಸ್ವಿಚ್‌ನಲ್ಲೂ ಸಿಗುತ್ತದೆ. ಅಂದರೆ ಕನ್ಸೋಲ್ ತಂದ ಮಾತ್ರಕ್ಕೆ ಬಾಗಿಲು ಮುಚ್ಚಿದ ಹಾಗಾಗಲಿಲ್ಲ. ಬಾಗಿಲಿಗೆ ಚಿಲಕ ಹಾಕಲು ಬರುತ್ತದೆ, ಅಷ್ಟೇ. ಚಿಲಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಏನೇನು ಸಿಗುತ್ತದೆ ನೋಡೋಣ. ಕೈಯಲ್ಲಿ ಹಿಡಿದು ಆಡುವ ಯಂತ್ರಗಳೆಲ್ಲ ಮೇಲ್ನೋಟಕ್ಕೆ ಒಂದೇ ಥರ: ನಡುವೆ ಸ್ಕ್ರೀನು, ಎರಡು ಬದಿಗೆ ಬಟನ್ನು. ಒಳಗಿನ ಜಾತಿ ಬೇರೆ ಬೇರೆ.

ಒಂದು ಗುಂಪು ಕೈಗೆ ಹಿಡಿಯುವಷ್ಟು ಕುಗ್ಗಿಸಿದ ಕಂಪ್ಯೂಟರ್. ಸ್ಟೀಮ್ ಡೆಕ್, ಆಸುಸ್ ಕಂಪನಿಯ ಆರ್‌ಒಜಿ ಅಲೈ, ಲೆನೊವೊ ಲೀಜನ್ ಗೋ ಇವೆಲ್ಲ ಆ ಗುಂಪಿನವು. ಲೀಜನ್ ಗೋ ಕಂಟ್ರೋಲರ್ ಸೇರಿ 854 ಗ್ರಾಂ, ಹೆಚ್ಚುಕಡಿಮೆ ಒಂದು ದಪ್ಪ ನಿಘಂಟು. ಇವುಗಳಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಓಡುತ್ತದೆ. ಬ್ರೌಸರ್ ಇದೆ, ಕೀಬೋರ್ಡ್ ಜೋಡಿಸಬಹುದು, ಹೋಮ್‌ವರ್ಕನ್ನೂ ಮಾಡಬಹುದು ಅಂತ ಮಾರುವವರು ಹೇಳುತ್ತಾರೆ. ಎಂಟು ವರ್ಷದ ಹುಡುಗನಿಗೆ ಬೇಡ ಅನ್ನಲು ನನಗೆ ಇಷ್ಟು ಸಾಕು. ಇವುಗಳಲ್ಲೂ ನಿಯಂತ್ರಣದ ಸೌಲಭ್ಯವಿದೆ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಸ್ಟೀಮ್ ಫ್ಯಾಮಿಲೀಸ್ ಸೌಲಭ್ಯದಲ್ಲಿ ಆಟದ ಹೊತ್ತನ್ನೂ ಮಿತಗೊಳಿಸಬಹುದು. ಆದರೆ ಅದು ಸ್ಟೀಮ್‌ನ ಒಳಗಿನ ಬೇಲಿ. ಯಂತ್ರದ ಉಳಿದ ಭಾಗ ಬಯಲು, ಅದನ್ನು ನೀವೇ ಕಾಯಬೇಕು. ಹದಿನಾಲ್ಕು, ಹದಿನೈದು ದಾಟಿದ, ಯಂತ್ರ ಬಿಚ್ಚಿ ನೋಡುವ ಚಟವಿರುವ ಹುಡುಗಿಗೋ ಹುಡುಗನಿಗೋ ಆದರೆ ಮಾತೇ ಬೇರೆ, ಅವರಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಇಲ್ಲ.

ಇನ್ನೊಂದು, ಸ್ಟ್ರೀಮಿಂಗ್ ಯಂತ್ರ. 2023ರ ಪ್ಲೇಸ್ಟೇಷನ್ ಪೋರ್ಟಲ್ ನೋಡಲು ಚೆಂದ, ಎಂಟು ಇಂಚಿನ ಸ್ಕ್ರೀನು. ಆದರೆ ಗೇಮ್ ಅದರೊಳಗೆ ಓಡುವುದಿಲ್ಲ. ಮನೆಯ ಪ್ಲೇಸ್ಟೇಷನ್ 5ರಲ್ಲೋ ದೂರದ ಸರ್ವರ್‌ನಲ್ಲೋ ಓಡಿ ವೈಫೈ ಮೂಲಕ ಚಿತ್ರ ಬರುತ್ತದೆ. ವೈಫೈ ಇಲ್ಲದ ಕಡೆ ಅದೊಂದು ಚೆಂದದ ತಟ್ಟೆ. ಹೆಸರು ನೋಡಿ, ಇದೂ ಒಂದು ಕನ್ಸೋಲ್ ಅಂದುಕೊಂಡು ಉಡುಗೊರೆ ತಂದವರಿದ್ದಾರೆ.

ಮೂರನೆಯದು ಹಳೆಯ ಗೇಮ್ ತುಂಬಿದ ಅಗ್ಗದ ಯಂತ್ರಗಳು. "500 ಗೇಮ್‌ಗಳು", "5000 ಗೇಮ್‌ಗಳು" ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಇಂಥದ್ದೊಂದನ್ನು ನಾನೇ ತಂದು ಕೊಟ್ಟಿದ್ದೆ, ಅಳಿಯ ಆರು ವರ್ಷದವನಿದ್ದಾಗ. ಒಳಗೆ ಒಂದೇ ಗೇಮ್ ಹತ್ತು ಹೆಸರಿನಲ್ಲಿತ್ತು. ಅರ್ಧದಷ್ಟು ಪಟ್ಟಿ ಅವನಿಗೂ ನನಗೂ ಓದಲು ಬಾರದ ಲಿಪಿಯಲ್ಲಿತ್ತು. ಮೂರು ವಾರಕ್ಕೆ ಎಡಬಟನ್ ಒಳಗೆ ಹೋದದ್ದು ಮತ್ತೆ ಮೇಲೆ ಬರಲಿಲ್ಲ. ಗೇಮ್‌ಗಳನ್ನು ಹಕ್ಕುದಾರರ ಅನುಮತಿಯಿಲ್ಲದೆ ತುಂಬಿರುತ್ತಾರೆ ಅನ್ನುವುದು ಒಂದು ಕಡೆಗಿರಲಿ. ಐನೂರು ಗೇಮ್ ಕೊಟ್ಟರೆ ಮಗು ಒಂದನ್ನೂ ಆಡುವುದಿಲ್ಲ, ಒಂದರಿಂದ ಒಂದಕ್ಕೆ ಹಾರುತ್ತಿರುತ್ತದೆ ಅನ್ನುವುದನ್ನು ಆಗ ಕಂಡುಕೊಂಡೆ. ಈ ಗುಂಪಿನಲ್ಲಿ ಮರ್ಯಾದಸ್ಥರೂ ಇದ್ದಾರೆ. ಎವರ್ಕೇಡ್ ಎಂಬುದು ಲೈಸೆನ್ಸ್ ಪಡೆದ ಹಳೆಯ ಗೇಮ್‌ಗಳನ್ನು ಕಾರ್ಟ್ರಿಡ್ಜ್‌ನಲ್ಲಿ ಹಾಕಿ ಕೊಡುತ್ತದೆ. ಇನ್ನು ಪ್ಲೇಡೇಟ್ ಅಂತ ಒಂದು ಹಳದಿ ಪುಟಾಣಿ ಇದೆ, 2022ರಲ್ಲಿ ಬಂದದ್ದು, ಬರೀ ಕಪ್ಪು ಬಿಳುಪು, ಬದಿಯಲ್ಲಿ ತಿರುಗಿಸುವ ಒಂದು ಹಿಡಿಕೆ. ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ, ಆದರೆ ನನಗೆ ಬೇಕು.

ಉಳಿದದ್ದು ನಿಂಟೆಂಡೋ ಸ್ವಿಚ್ ಮನೆತನ. ಚಿಕ್ಕ ಮಕ್ಕಳ ವಿಷಯಕ್ಕೆ ಬಂದರೆ ಮಾತು ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತದೆ, ಅದು ಜಾಹೀರಾತಿನಿಂದ ಆದದ್ದಲ್ಲ. ಆ ವಯಸ್ಸಿಗೆ ಹೊಂದುವ ಗೇಮ್‌ಗಳು ಅಲ್ಲಿ ರಾಶಿ ಇವೆ, ಮತ್ತು ಅದಕ್ಕೆ ಸಾಮಾನ್ಯ ಬಳಕೆಯ ಬ್ರೌಸರ್ ಇಲ್ಲ. 2017ರ ಮೂಲ ಸ್ವಿಚ್‌ನ ಎರಡು ಬದಿಯ ಕಂಟ್ರೋಲರ್‌ಗಳು ಕಳಚಿ ಬರುತ್ತವೆ, ಟಿವಿಗೂ ಜೋಡಿಸಬಹುದು. 2019ರ ಲೈಟ್‌ನಲ್ಲಿ ಎಲ್ಲವೂ ಒಂದೇ ತುಂಡು, 5.5 ಇಂಚಿನ ಸ್ಕ್ರೀನು, ಟಿವಿಗೆ ಹೋಗುವುದಿಲ್ಲ. 2021ರ ಓಎಲ್ಇಡಿ ಮಾದರಿಯ ಸ್ಕ್ರೀನು ಏಳು ಇಂಚು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರದು 7.9 ಇಂಚು, ಕಂಟ್ರೋಲರ್ ಸೇರಿ 534 ಗ್ರಾಂ.

ಇವುಗಳಲ್ಲಿ ಯಾವುದು ಅನ್ನುವುದು ಮಗು ಎಲ್ಲಿ, ಯಾರ ಜೊತೆ ಆಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಒಂದೇ ಮಗು, ಪುಟ್ಟ ಕೈ, ಪ್ರಯಾಣದಲ್ಲಿ ಆಟ ಅಂದರೆ ಲೈಟ್. ಕಳಚುವ ಭಾಗ ಇಲ್ಲದ್ದರಿಂದ ಸೋಫಾದ ಸಂದಿಯಲ್ಲಿ ಕಳೆದುಹೋಗುವುದೂ ಇಲ್ಲ. ಇಬ್ಬರು ಮಕ್ಕಳಿದ್ದರೆ, ಅಥವಾ ನೀವೂ ಪಕ್ಕದಲ್ಲಿ ಕೂತು ಆಡುವವರಾದರೆ, ಕಂಟ್ರೋಲರ್ ಕಳಚುವ ಸ್ವಿಚ್ಚೇ ಸರಿ, ಒಂದೊಂದು ತುಂಡು ಒಬ್ಬೊಬ್ಬರ ಕೈಗೆ ಕೊಟ್ಟರೆ ಜಗಳ ಅರ್ಧ ಕಮ್ಮಿ. ಲೈಟ್‌ನಲ್ಲಿ ಇಬ್ಬರು ಆಡಬೇಕೆಂದರೆ ಬೇರೆ ಕಂಟ್ರೋಲರ್ ತರಬೇಕು, ಆಮೇಲೆ 5.5 ಇಂಚಿನ ಮೇಲೆ ಎರಡು ತಲೆ ಬಗ್ಗಬೇಕು. ಸ್ವಿಚ್ 2 ಹಳೆಯ ಗೇಮ್‌ಗಳಲ್ಲಿ ಬಹುಪಾಲನ್ನು ಆಡಿಸುತ್ತದೆ, ಮುಂದೆ ಬರುವ ಹೊಸವೂ ಅದಕ್ಕೇ ಬರುತ್ತವೆ. ಇನ್ನೂ ಐದಾರು ವರ್ಷ ಬಳಸುವ ಲೆಕ್ಕವಿದ್ದರೆ, ಮಗು ಹತ್ತು ದಾಟಿದ್ದರೆ, ಅದನ್ನು ನೋಡಬಹುದು. ಆರೇಳರ ಮಗುವಿಗೆ ಅದು ಅಣ್ಣನ ಚಪ್ಪಲಿ ಹಾಕಿಕೊಂಡ ಹಾಗೆ.

ಕೆಡುವ ವಿಷಯ. ಕನ್ಸೋಲ್‌ನಲ್ಲಿ ಸ್ಕ್ರೀನು ಒಡೆಯುತ್ತದೆ ಅಂತ ಎಲ್ಲರೂ ಹೆದರುತ್ತಾರೆ, ಅದಕ್ಕೆ ಗಾಜಿನ ಹಾಳೆ ಅಂಟಿಸಿದರೆ ಆಯಿತು. ಸದ್ದಿಲ್ಲದೆ ಕೆಡುವುದು ಹೆಬ್ಬೆರಳಿನಡಿಯ ಆ ಪುಟ್ಟ ಸ್ಟಿಕ್. ಸಾಮಾನ್ಯ ಸ್ಟಿಕ್‌ನೊಳಗೆ ಕಾರ್ಬನ್ ಲೇಪದ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಲೋಹದ ಚೂರೊಂದು ಉಜ್ಜುತ್ತಾ ಓಡಾಡುತ್ತದೆ. ಅದು ಎಲ್ಲಿ ನಿಂತಿದೆ ಅನ್ನುವುದರ ಮೇಲೆ ವಿದ್ಯುತ್ತಿನ ತಡೆ ಬದಲಾಗುತ್ತದೆ, ಯಂತ್ರ ಅದನ್ನು ದಿಕ್ಕು ಅಂತ ಓದಿಕೊಳ್ಳುತ್ತದೆ. ಸಾವಿರಾರು ಸಲ ಉಜ್ಜಿದ ಮೇಲೆ ಲೇಪ ಸವೆದು, ಪುಡಿ ಕೂತು, ಯಾರೂ ಮುಟ್ಟದಿದ್ದರೂ ಗೇಮ್‌ನ ಪಾತ್ರ ತಾನೇ ಒಂದು ಕಡೆಗೆ ನಡೆಯಲು ಶುರು ಮಾಡುತ್ತದೆ. ಇದನ್ನೇ ಡ್ರಿಫ್ಟ್ ಅನ್ನುವುದು. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್‌ಗಳಲ್ಲಿ ಉಜ್ಜುವ ಪಟ್ಟಿಯೇ ಇಲ್ಲವಾದ್ದರಿಂದ ಈ ಸವೆತ ಇಲ್ಲ. ಇದೇನೂ ಹೊಸ ಉಪಾಯವಲ್ಲ, 1998ರ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇತ್ತು. ಆದರೂ ಸ್ವಿಚ್, ಸ್ವಿಚ್ 2 ಎರಡರಲ್ಲೂ ಇಲ್ಲ. ಇಲ್ಲೇ ಲೈಟ್‌ನ ದೊಡ್ಡ ಕೊರತೆ ಕಾಣುವುದು. ಕಳಚುವ ಕಂಟ್ರೋಲರ್ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು, ಲೈಟ್‌ನಲ್ಲಿ ಸ್ಟಿಕ್ ಕೆಟ್ಟರೆ ಇಡೀ ಯಂತ್ರವನ್ನೇ ರಿಪೇರಿಗೆ ಕೊಡಬೇಕು, ಅಷ್ಟು ದಿನ ಮಗು ನಿಮ್ಮ ಮುಖ ನೋಡುತ್ತಾ ಕೂರುತ್ತದೆ. ತಿಂಡಿ ತಿಂದ ಕೈ ತೊಳೆದು ಮುಟ್ಟು ಅನ್ನುವುದು, ಬ್ಯಾಗಿಗೆ ಹಾಗೇ ತುರುಕದೆ ಗಟ್ಟಿ ಕವರಿಗೆ ಹಾಕು ಅನ್ನುವುದು, ಈ ಎರಡು ಅಭ್ಯಾಸ ಯಾವ ವಾರಂಟಿಗಿಂತಲೂ ಹೆಚ್ಚು ಕಾಯುತ್ತವೆ.

ಯಂತ್ರದ ಮಾತು ಸಾಕು, ಗೇಮ್‌ಗೆ ಬರೋಣ. ಯಂತ್ರ ಒಂದು ಸಲದ ಖರ್ಚು, ಗೇಮ್ ಪದೇ ಪದೇ ಬರುವ ಖರ್ಚು. ಹಾಗಾಗಿ ಮಗು ಏನು ಆಡುತ್ತದೆ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಯಂತ್ರಕ್ಕೆ ಹೋಗುವುದು ಜಾಣತನ. ಗೇಮ್ ಡಬ್ಬದ ಮೇಲೆ ವಯಸ್ಸಿನ ಮುದ್ರೆ ಇರುತ್ತದೆ. ಯುರೋಪಿನ ಪೆಗಿ ಪದ್ಧತಿಯಲ್ಲಿ 3, 7, 12, 16, 18. ಅಮೆರಿಕದ ಇಎಸ್ಆರ್‌ಬಿ ಪದ್ಧತಿಯಲ್ಲಿ ಇ ಅಂದರೆ ಎಲ್ಲರಿಗೂ, ಇ10+ ಅಂದರೆ ಹತ್ತು ಮೀರಿದವರಿಗೆ, ಟಿ ಅಂದರೆ ಹದಿಹರೆಯದವರಿಗೆ, ಎಂ ಅಂದರೆ ಹದಿನೇಳು ದಾಟಿದವರಿಗೆ. ಇದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಪೆಗಿ 3 ಅಂದರೆ ಮೂರು ವರ್ಷದ ಮಗುವಿಗೆ ಆಡಲು ಬರುತ್ತದೆ ಅಂತಲ್ಲ, ಆ ಮಗು ನೋಡಬಾರದ್ದು ಅದರಲ್ಲಿ ಏನೂ ಇಲ್ಲ ಅಂತ ಮಾತ್ರ. ಪೆಗಿ 3 ಇರುವ ಫುಟ್‌ಬಾಲ್ ಗೇಮ್ ಎಂಟರ ಮಗುವಿಗೂ ಕಬ್ಬಿಣದ ಕಡಲೆ ಆಗಬಹುದು. ಮುದ್ರೆಯ ಪಕ್ಕದ ಸಣ್ಣ ಅಕ್ಷರಗಳನ್ನೂ ಓದಿ. ಗೇಮ್‌ನೊಳಗೆ ಖರೀದಿ ಇದೆ, ಏನು ಸಿಗುತ್ತದೆಂದು ಗೊತ್ತಿಲ್ಲದೆ ದುಡ್ಡು ಕೊಡುವ ಲಾಟರಿ ಡಬ್ಬಗಳಿವೆ ಅನ್ನುವ ಎಚ್ಚರಿಕೆ ಇರುವುದು ಅಲ್ಲೇ. ಆ ಲಾಟರಿ ಡಬ್ಬಗಳನ್ನು ಬೆಲ್ಜಿಯಂ 2018ರಲ್ಲೇ ಜೂಜಿನ ಲೆಕ್ಕಕ್ಕೆ ಸೇರಿಸಿತು.

ಓದುವ ಪ್ರಶ್ನೆಯೂ ಇದೆ. ಪೋಕೆಮಾನ್, ಅನಿಮಲ್ ಕ್ರಾಸಿಂಗ್ ಥರದ ಗೇಮ್‌ಗಳಲ್ಲಿ ಪಾತ್ರಗಳು ಪುಟಗಟ್ಟಲೆ ಮಾತಾಡುತ್ತವೆ, ಅದೆಲ್ಲ ಅಕ್ಷರದಲ್ಲಿ. ಸರಾಗವಾಗಿ ಓದಲು ಬಾರದ ಮಗುವಿಗೆ ಅದನ್ನು ಕೊಟ್ಟರೆ ಓದಿ ಹೇಳುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ನನಗದು ಇಷ್ಟದ ಕೆಲಸ, ಎಲ್ಲರಿಗೂ ಬಿಡುವಿರಬೇಕಲ್ಲ. ಓದದೇ ಆಡಬಹುದಾದವೂ ಬೇಕಾದಷ್ಟಿವೆ. ಮಾರಿಯೋ ಕಾರ್ಟ್ 8 ಡೀಲಕ್ಸ್‌ನಲ್ಲಿ ಗಾಡಿ ರಸ್ತೆ ಬಿಟ್ಟು ಹೋಗದಂತೆ ತಡೆಯುವ, ತಾನಾಗಿಯೇ ಮುಂದಕ್ಕೆ ಓಡಿಸುವ ಆಯ್ಕೆಗಳಿವೆ. ಎರಡನ್ನೂ ಹಾಕಿದರೆ ನಾಲ್ಕು ವರ್ಷದ ತಂಗಿಯೂ ಅಣ್ಣನ ಜೊತೆ ರೇಸ್ ಮುಗಿಸುತ್ತಾಳೆ, ಒಮ್ಮೊಮ್ಮೆ ಗೆದ್ದೂಬಿಡುತ್ತಾಳೆ.

ಕಾರ್ಟ್ರಿಡ್ಜೋ ಡೌನ್‌ಲೋಡೋ? ಮಕ್ಕಳಿಗೆ ನಾನು ಕಾರ್ಟ್ರಿಡ್ಜ್ ಪಕ್ಷ. ಕೈಗೆ ಸಿಗುವ ವಸ್ತು. ಗೆಳೆಯನಿಗೆ ಎರವಲು ಕೊಡಬಹುದು, ಬೇಸರವಾದ ಮೇಲೆ ಮಾರಬಹುದು, ಸಿಟ್ಟು ಬಂದಾಗ ಅಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ಆದರೆ ಎರಡು ಸೂಕ್ಷ್ಮ ತಿಳಿದಿರಲಿ. ಗೇಮ್ ಬಾಯ್ ಕಾಲದಲ್ಲಿ ಮಗು ಆಡಿ ಗಳಿಸಿದ್ದೆಲ್ಲ ಕಾರ್ಟ್ರಿಡ್ಜ್‌ನೊಳಗೇ ಉಳಿಯುತ್ತಿತ್ತು. ಸ್ವಿಚ್‌ನಲ್ಲಿ ಅದು ಉಳಿಯುವುದು ಯಂತ್ರದ ಒಳಮೆಮೊರಿಯಲ್ಲಿ. ಕಾರ್ಟ್ರಿಡ್ಜ್ ಗೆಳೆಯನ ಮನೆಗೆ ಹೋದರೆ ಗಳಿಕೆ ಹೋಗುವುದಿಲ್ಲ, ಯಂತ್ರವೇ ಕಳೆದರೆ ಎಲ್ಲವೂ ಹೋಯಿತು, ಚಂದಾ ಕಟ್ಟಿ ಕ್ಲೌಡ್‌ನಲ್ಲಿ ಇಟ್ಟಿದ್ದರೆ ಬಚಾವ್. ಎರಡನೆಯದು ಸ್ವಿಚ್ 2ಕ್ಕೆ ಬಂದಿರುವ ಗೇಮ್ ಕೀ ಕಾರ್ಡ್. ನೋಡಲು ಕಾರ್ಟ್ರಿಡ್ಜೇ, ಒಳಗೆ ಗೇಮ್ ಇಲ್ಲ, ಬರೀ ಬೀಗದ ಕೈ. ಗೇಮನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. ಡಬ್ಬದ ಮುಂಭಾಗದಲ್ಲೇ ಬರೆದಿರುತ್ತಾರೆ, ನೋಡಿ ಕೊಳ್ಳಿ. ಹಾಗೆಯೇ ಮೆಮೊರಿ ಕಾರ್ಡ್: ಸ್ವಿಚ್ 2ರಲ್ಲಿ ಗೇಮ್ ಇಡಲು ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಬಗೆಯದೇ ಆಗಬೇಕು. ಮನೆಯಲ್ಲಿ ಬಿದ್ದಿರುವ ಹಳೆಯ ಕಾರ್ಡ್ ಗಾತ್ರದಲ್ಲಿ ಕೂರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಇನ್ನು ಚಿಲಕ. ಇದನ್ನು ಡಬ್ಬ ಮಗುವಿನ ಕೈಗೆ ಹೋಗುವ ಮುಂಚೆ ಹಾಕಬೇಕು. ಹಬ್ಬದ ದಿನ ಹೊಸ ಯಂತ್ರ ಕೊಟ್ಟು, "ತಡಿ, ಸೆಟ್ಟಿಂಗ್ಸ್ ಮಾಡ್ತೀನಿ" ಅಂತ ಒಂದು ಗಂಟೆ ಕಿತ್ತಿಟ್ಟುಕೊಂಡವರ ಮನೆಯ ಅಳು ಕೇಳಿದ್ದೇನೆ. ಹಿಂದಿನ ರಾತ್ರಿಯೇ ಡಬ್ಬ ಬಿಚ್ಚಿ, ಚಾರ್ಜ್ ಮಾಡಿ, ಅಪ್‌ಡೇಟ್ ಇಳಿಸಿ, ಮಗುವಿನ ಖಾತೆಯನ್ನು ನಿಜವಾದ ಹುಟ್ಟಿದ ದಿನಾಂಕ ಹಾಕಿಯೇ ತೆರೆಯಿರಿ. ಸುಮ್ಮನೆ ತಲೆನೋವು ಬೇಡ ಅಂತ ವಯಸ್ಸು ಹೆಚ್ಚಿಸಿ ಬರೆದರೆ ಮಕ್ಕಳಿಗೆಂದು ಇರುವ ರಕ್ಷಣೆಯೆಲ್ಲ ಆ ಖಾತೆಗೆ ಅನ್ವಯವಾಗದೆ ಹೋಗುತ್ತದೆ. ಸ್ವಿಚ್ 2ರ ಗೇಮ್‌ಚಾಟ್ ಅನ್ನುವ ಮಾತುಕತೆಯ ಸೌಲಭ್ಯ ಹದಿನಾರರೊಳಗಿನವರಿಗೆ ಪೋಷಕರ ಆ್ಯಪ್‌ನಿಂದ ಅನುಮತಿ ಸಿಕ್ಕರೆ ಮಾತ್ರ ತೆರೆಯುತ್ತದೆ. ಅದು ಗೊತ್ತಾಗುವುದು ಹುಟ್ಟಿದ ದಿನಾಂಕದಿಂದಲೇ. ಖರೀದಿಗೆ ಪಾಸ್‌ವರ್ಡ್ ಇಡಿ. ಕಾರ್ಡ್ ನಂಬರನ್ನು ಯಂತ್ರದಲ್ಲಿ ಉಳಿಸದಿದ್ದರೆ ಇನ್ನೂ ನೆಮ್ಮದಿ.

ಹೊತ್ತಿನ ಮಿತಿ ಎಲ್ಲರೂ ಕೇಳುವ ವಿಷಯ. ನಿಂಟೆಂಡೋದ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್ ನಿಮ್ಮ ಫೋನಿನಲ್ಲಿರುತ್ತದೆ. ದಿನಕ್ಕೆ ಇಷ್ಟು ಹೊತ್ತು, ರಾತ್ರಿ ಇಷ್ಟು ಗಂಟೆಯ ನಂತರ ಇಲ್ಲ ಅಂತ ಅದರಲ್ಲಿ ಹೇಳಬಹುದು. ಯಾವ ಗೇಮ್ ಎಷ್ಟು ಹೊತ್ತು ಆಡಿದ ಅಂತ ಲೆಕ್ಕವನ್ನೂ ಕೊಡುತ್ತದೆ. ಒಂದು ವಿಷಯ ಗಮನದಲ್ಲಿರಲಿ. ನೀವಾಗಿ ಬದಲಾಯಿಸದ ಹೊರತು ಹೊತ್ತು ಮುಗಿದಾಗ ಯಂತ್ರ ಒಂದು ಎಚ್ಚರಿಕೆ ತೋರಿಸುತ್ತದೆಯೇ ಹೊರತು ನಿಲ್ಲುವುದಿಲ್ಲ. ಗೇಮನ್ನೇ ನಿಲ್ಲಿಸುವುದು ಬೇರೆ ಆಯ್ಕೆ. ಅಕ್ಕ ಮೊದಲ ವಾರವೇ ನಿಲ್ಲಿಸುವ ಆಯ್ಕೆ ಹಾಕಿ, ಕೊನೆಯ ಶತ್ರುವಿನ ಎದುರು ಒಂದು ಹೊಡೆತ ಬಾಕಿಯಿದ್ದಾಗ ಸ್ಕ್ರೀನು ನಿಂತುಹೋಗಿ, ಮನೆಯಲ್ಲಿ ರಣರಂಗವಾಯಿತು.

ಆಗ ನಾವಿಬ್ಬರೂ ಕೂತು ಯೋಚಿಸಿದ್ದು ಹೀಗೆ. "ಇನ್ನೊಂದೇ ನಿಮಿಷ, ಸೇವ್ ಆಗಿಲ್ಲ" ಅನ್ನುವ ಅಳು ನಿಜವೋ ಸುಳ್ಳೋ? ಒಬ್ಬನೇ ಆಡುವ ಗೇಮ್ ಆದರೆ ಹೆಚ್ಚುಕಡಿಮೆ ಸುಳ್ಳು. ಸ್ವಿಚ್‌ನಲ್ಲಿ ಪವರ್ ಬಟನ್ ಒಮ್ಮೆ ಒತ್ತಿದರೆ ಗೇಮ್ ಇದ್ದಲ್ಲೇ ನಿದ್ದೆ ಹೋಗುತ್ತದೆ. ಬೆಳಿಗ್ಗೆ ಎಬ್ಬಿಸಿದರೆ ಅದೇ ಹೊಡೆತ, ಅದೇ ಶತ್ರು. ಇಂಟರ್ನೆಟ್‌ನಲ್ಲಿ ಬೇರೆಯವರ ಜೊತೆ ಆಡುತ್ತಿದ್ದರೆ ಮಾತ್ರ ಅವನ ಅಳು ನಿಜ. ಅಲ್ಲಿ ನಿದ್ದೆ ಅಂದರೆ ಸಂಪರ್ಕ ಕಡಿದ ಹಾಗೆ, ಜೊತೆಗಾರರನ್ನು ನಡುವೆ ಬಿಟ್ಟು ಓಡಿದ ಹಾಗೆ. ಅಂದರೆ ರಾತ್ರಿಯ ಜಗಳ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಗೇಮ್‌ನ ಜಾತಿ. ಮೂರು ನಿಮಿಷಕ್ಕೊಮ್ಮೆ ಮುಗಿಯುವ ರೇಸ್‌ಗೆ "ಎರಡು ರೇಸ್ ಆದ ಮೇಲೆ ಊಟ" ಅಂದರೆ ಮಗುವಿಗೂ ಅರ್ಥವಾಗುತ್ತದೆ. ಮುಗಿಯುವುದೇ ಇಲ್ಲದ ಗೇಮ್‌ಗೆ "ಅರ್ಧ ಗಂಟೆ" ಅಂದರೆ ಅದು ಗಡಿಯಾರದ ಜೊತೆ ಜಗಳ. ಈಗ ಅಕ್ಕ ಎಚ್ಚರಿಕೆ ಮಾತ್ರ ಇಟ್ಟಿದ್ದಾಳೆ. ಎಚ್ಚರಿಕೆ ಬಂದ ಮೇಲೆ ಕೈಯಲ್ಲಿರುವ ಲೆವೆಲ್ ಮುಗಿಸಬಹುದು, ಹೊಸದು ಶುರು ಮಾಡುವಂತಿಲ್ಲ. ಇಂಟರ್ನೆಟ್ ಗೇಮ್ ಇನ್ನೂ ಎರಡು ವರ್ಷ ಇಲ್ಲ.

ಎಷ್ಟು ಹೊತ್ತು ಅನ್ನುವುದಕ್ಕೆ ಎಲ್ಲ ವಯಸ್ಸಿಗೂ ಒಂದೇ ಅಂಕಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ಕೂತು ನೋಡುವ ಸ್ಕ್ರೀನಿನ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂದಿತು. ಆ ವಯಸ್ಸಿಗೆ ಕನ್ಸೋಲ್ ಕೊಳ್ಳುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಮಾತು, ಅಣ್ಣಂದಿರ ಜೊತೆ ಆಗೊಮ್ಮೆ ಆಡಿದರೆ ಸಾಕು. ಕಣ್ಣಿನ ವಿಷಯಕ್ಕೆ ಬಂದರೆ, ಸ್ಕ್ರೀನು ಚಿಕ್ಕದಾದಷ್ಟೂ ಮಕ್ಕಳು ಹತ್ತಿರ ಹಿಡಿಯುತ್ತಾರೆ ಅನ್ನುವುದನ್ನು ಮರೆಯಬಾರದು. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಆರು ಏಳು ವರ್ಷದ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ನೋಡಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಮೂರು ವರ್ಷದಲ್ಲಿ ಸಮೀಪದೃಷ್ಟಿ ಬಂದದ್ದು ಆ ಗುಂಪಿನ ನೂರಕ್ಕೆ 30.4 ಮಕ್ಕಳಿಗೆ, ಮಾಮೂಲಿ ಗುಂಪಿನಲ್ಲಿ 39.5. ಹಾಗಾಗಿ ನಾನು ಆಡಿದ ಹೊತ್ತಿಗಿಂತ ಹೊರಗೆ ಹೋದ ಹೊತ್ತನ್ನು ಹೆಚ್ಚು ಎಣಿಸುತ್ತೇನೆ. ಕಿವಿಗೂ ಒಂದು ಮಾತು: ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವ ಲೆಕ್ಕದಲ್ಲಿ ಸುರಕ್ಷಿತ ಮಟ್ಟ 75 ಡೆಸಿಬೆಲ್, ದೊಡ್ಡವರಿಗೆ 80. ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಫೋನ್‌ನ ಗರಿಷ್ಠ ಸದ್ದು ತಗ್ಗಿಸುವ ಆಯ್ಕೆ ಇದೆ. ಅದನ್ನೂ ಆ ಹಿಂದಿನ ರಾತ್ರಿಯೇ ಹಾಕಿಬಿಡಿ.

ಅಣ್ಣ ತಂಗಿ ಇರುವ ಮನೆಗೆ ಒಂದು ಕಿವಿಮಾತು. ಒಂದು ಸ್ವಿಚ್‌ನಲ್ಲಿ ಎಂಟು ಜನರ ಪ್ರೊಫೈಲ್ ಇಡಬಹುದು, ಸಾಮಾನ್ಯವಾಗಿ ಒಬ್ಬೊಬ್ಬರ ಗಳಿಕೆ ಬೇರೆ ಬೇರೆ ಉಳಿಯುತ್ತದೆ. ಆದರೆ ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್‌ನಲ್ಲಿ ಒಂದು ಯಂತ್ರಕ್ಕೆ ಒಂದೇ ದ್ವೀಪ. ಮೊದಲು ಶುರು ಮಾಡಿದವರ ಹುಕುಂ ನಡೆಯುತ್ತದೆ, ಎರಡನೆಯವರು ಅಲ್ಲಿ ಬಾಡಿಗೆದಾರರ ಹಾಗೆ. ಇದು ಗೊತ್ತಿಲ್ಲದೆ ಕೊಂಡ ಮನೆಗಳಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ಅಂಜಿಕೆ ಬೇಡ, ಪರೀಕ್ಷೆ ಬೇಕು. ಸ್ಟಿಕ್ ಮುಟ್ಟದೆ ಮೆನುವಿನಲ್ಲಿ ಒಂದು ನಿಮಿಷ ಸುಮ್ಮನೆ ಬಿಡಿ, ಏನಾದರೂ ತಾನೇ ಸರಿದರೆ ಡ್ರಿಫ್ಟ್ ಇದೆ. ಕಾರ್ಟ್ರಿಡ್ಜ್ ಹಾಕಿ ತೆಗೆದು ನೋಡಿ. ಚಾರ್ಜ್ ತಂತಿ ಚುಚ್ಚಿ ಅಲ್ಲಾಡಿಸಿ. ಹಿಂದಿನವರ ಖಾತೆ ಮತ್ತು ಪಿನ್ ತೆಗೆಸಿ ಪೂರ್ತಿ ರೀಸೆಟ್ ಮಾಡಿಸಿಕೊಳ್ಳಿ. ತೀರಾ ಹಳೆಯದನ್ನು ಕೊಳ್ಳುವಾಗ ಅದರ ಅಂಗಡಿ ಇನ್ನೂ ತೆರೆದಿದೆಯೇ ನೋಡಿ. ನಿಂಟೆಂಡೋ 3ಡಿಎಸ್ ಗಟ್ಟಿಮುಟ್ಟಾದ ಯಂತ್ರ, ಅದರ ಮಡಚದ ರೂಪವಾದ 2ಡಿಎಸ್ ಅಂತೂ ಮಕ್ಕಳಿಗೆಂದೇ ಮಾಡಿದ್ದು. ಆದರೆ ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಖರೀದಿಗೆ ಮುಚ್ಚಿತು, ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಆನ್‌ಲೈನ್ ಆಟವೂ ನಿಂತಿತು. ಕಾರ್ಟ್ರಿಡ್ಜ್ ಕೈಗೆ ಸಿಗುವುದಾದರೆ ಅದರಲ್ಲಿ ನಷ್ಟವೇನಿಲ್ಲ. ನನ್ನ ಲೆಕ್ಕದಲ್ಲಿ ಅದು ಲಾಭವೇ, ಅಪರಿಚಿತರು ಬಂದು ಬಾಗಿಲು ತಟ್ಟದ ಯಂತ್ರ.

ಅಕ್ಕ ಕೊನೆಗೆ ತಂದದ್ದು ಯಾರೋ ಬಳಸಿ ಬಿಟ್ಟ ಒಂದು ಸ್ವಿಚ್ ಲೈಟ್, ಜೊತೆಗೆ ಎರಡೇ ಎರಡು ಕಾರ್ಟ್ರಿಡ್ಜ್. ಅಳಿಯ ಬಟನ್‌ಗಳ ಮೇಲೆ ಹೆಬ್ಬೆರಳು ಓಡಿಸಿ ನೋಡಿದ, ಎಲ್ಲವೂ ಎಟುಕಿದವು. ಕಾರ್ಟ್ರಿಡ್ಜ್ ಕೈಯಲ್ಲಿ ಹಿಡಿದು, "ಎಷ್ಟು ಚಿಕ್ಕದು ಮಾಮ, ಪಾಪು ನುಂಗಿಬಿಟ್ಟರೆ?" ಅಂದ. ಒಳ್ಳೆಯ ಪ್ರಶ್ನೆ ಅಂತ ಖುಷಿಯಾಗಿ, ಮಕ್ಕಳು ಬಾಯಿಗೆ ಹಾಕಿಕೊಳ್ಳಬಾರದು ಅಂತಲೇ ಇದಕ್ಕೆ ಡೆನಟೋನಿಯಂ ಬೆಂಜೊಯೇಟ್ ಅನ್ನುವ, ಕಹಿಗೆ ಹೆಸರಾದ ರಾಸಾಯನಿಕ ಬಳಿದಿರುತ್ತಾರೆ ಅಂತ ವಿವರಿಸಿದೆ. ವಿವರಿಸಬಾರದಿತ್ತು. ಮಾತು ಮುಗಿಯುವುದರೊಳಗೆ ನಾಲಿಗೆ ತಾಗಿಸಿ, ಮುಖ ಕಿವುಚಿಕೊಂಡು, ನೀರಿಗೆ ಓಡಿದ. ಅವನು ವಾಪಸ್ ಬರುವಷ್ಟರಲ್ಲಿ ಅಕ್ಕನೂ ನೀರು ಹುಡುಕುತ್ತಿದ್ದಳು.